ಸಂಡೂರಿನ ಕಾರು ಹೊಸಪೇಟೆಗೆ ಬಂದದ್ದು

ರಿಜಿ... ರಿಜಿಟ್ಟ... ಥೂ, ನಾಲಿಗಿ ತುದಿಮ್ಯಾಲ ಐತಿ! ಕಾರಿಗೆ ಸರ್ಕಾರದವ್ರು ನಂಬರ್ ಕೊಡ್ತಾರಲ್ಲ, ಅದಕ್ಕೇನಂತಾರ? ಯಾಕ್ ನಗ್ತಿ? ಸಾಲಿಗೆ ಹೋಗಾಕಿ, ನೀನ ಹೇಳು... ಹಾಂ, ರಿಜಿಸ್ಟ್ರಿ! ಅದ ನೋಡು ಸಂಗೂ. ಆ ರಿಜಿಸ್ಟ್ರಿ ದಿನಾನ ನಮ್ಮ ಡ್ರೈವರ್ ಎರ್ರಿಯಪ್ಪನ ಕೆಲಸ ಹೋಗಿದ್ದು.

ಮೆಲ್ಲಕ! ಹೊರಗ ಕಟ್ಟಿಮ್ಯಾಲ ಕುಂತಾನ ಪಾಪ. ನಮಗ ಡ್ರೈವರ್ ಬೇಕಾಗ್ಯಾನಂತ ಸುದ್ದಿ ಕೇಳಿ ಕಂಪ್ಲಿಯಿಂದ ನಡಕೊಂತ ಬಂದಾನ. ನಿಮ್ಮಜ್ಜ ಏನಂದ್ರು, ಕೇಳಿದ್ಯಲ್ಲ? "ಅವನ ಕೈಗೆ ಇನ್ನೊಮ್ಮೆ ಕಾರು ಕೊಡೂದಿಲ್ಲ." ಹತ್ತು ವರ್ಷ ಆತು, ಸಿಟ್ಟು ಇಳಿದಿಲ್ಲ!

ನೀ ಆವಾಗ ತೊಟ್ಟಿಲದಾಗಿದ್ದಿ. ನಾವು ಸಂಡೂರಾಗಿದ್ವಿ. ಅದು ಅರಸರ ಸಂಸ್ಥಾನ. ನಿಮ್ಮಜ್ಜ ಅಕ್ಕಿ ಅಂಗಡಿ ಎಬ್ಬಿಸಿ ಹೊಸಪೇಟೆಗೆ ಹೊಂಟ್ರು. ಹೊಸಪೇಟೆ ಅಂದ್ರ ಮದ್ರಾಸ್ ಸರ್ಕಾರ. ಸಂಡೂರು ನಂಬರ್ ಇಲ್ಲಿ ನಡಿಯೂದಿಲ್ಲಂತ, ಹೊಸಾದು ಬೇಕಂತ! ಗುಡ್ಡ ಇಳಿದ್ರ ಕಾರಿನ ಹೆಸರ ಬದ್ಲ! ನನಗಂತೂ ಕಣ್ಣಾಗ ನೀರು ಬಂತು. ನಗ್ತಿ ಏನು? ನಾನೂ ಗೋಕಾಕದಾಗ ಬಾಳವ್ವ ಆಗಿದ್ದೆ. ನಿಮ್ಮಜ್ಜನ ಕೈ ಹಿಡದು ಈ ಮನಿಗೆ ಬಂದ ದಿನಾನ ತಾಟಿನ ಅಕ್ಕಿಮ್ಯಾಲ ಬೆರಳಿಂದ ಬರದು ವಿರುಪಮ್ಮ ಮಾಡಿದ್ರು. ಯಾರೂ ಕೇಳಲಿಲ್ಲ, ಬೇಕೇನವ್ವ, ಬ್ಯಾಡೇನವ್ವ ಅಂತ... ಇರ್ಲಿ ಬಿಡು.

ಹೊಸಪೇಟೆಗೆ ಬಂದಮ್ಯಾಲ ಕಾರು ನೋಡಾಕ ಟೊಪಗಿ ಹಾಕ್ಕೊಂಡು ಸಾಹೇಬ ಬಂದ. ದೀಪ ನೋಡಿದ, ಬ್ರೇಕು ನೋಡಿದ. ಹಾರ್ನ್ ಒತ್ತು ಅಂದ. ಒತ್ತಿದ್ರ, ಅಲ್ಲೇ ಕಟ್ಟಿದ್ದ ಎಮ್ಮಿ ಹಗ್ಗ ಹರ್ಕೊಂಡು ಓಡಿತು! ತಡಿ, ಇನ್ನೂ ಐತಿ. "ನಡಸಿ ತೋರ್ಸು" ಅಂದ. ಎರ್ರಿಯಪ್ಪ ಹ್ಯಾಂಡಲ್ ತಿರುವಿದ. ಕಾರು ಖೊಕ್ ಅಂತು. ಖೊಕ್ ಖೊಕ್ ಅಂತು... ಸುಮ್ನಾತು. ತಿರುವಿ ತಿರುವಿ ಅವನ ಧೋತರ ಸಡಿಲಾತು! ಕೊನೀಗೆ ಎತ್ತು ಹೂಡಿ ಎಳಿಸಿದ್ರು. "ಬಂಡಿಗೆ ನಂಬರ್ ಕೊಡಾವ ನಾನಲ್ಲ" ಅಂದು ಸಾಹೇಬ ಹೋಗೇಬಿಟ್ಟ. ನಿಮ್ಮಜ್ಜನ ಮಾರಿ ಕೆಂಪು ಮೆಣಸಿನಕಾಯಿ!

ಆಮ್ಯಾಲ ಮಿಸ್ತ್ರಿ ಬಂದು ಪೆಟ್ರೋಲ್ ಟಾಕಿ ಬಿಚ್ಚಿದ್ರ... ಅಕ್ಕಿ! ನಗು, ನಗು. "ಅಕ್ಕಿ ಚೀಲ ಏರಿಸುವಾಗ ಮುಚ್ಚಳ ತೆರದಿಟ್ಟಿದ್ದಿ ಏನಲೇ!" ಅಂತ ನಿಮ್ಮಜ್ಜ ಒದರಿದ್ರು. ಎರ್ರಿಯಪ್ಪ ವಿರುಪಾಕ್ಷನ ಆಣಿ ಮಾಡಿದ. ಯಾರು ಕೇಳ್ತಾರ? ಅವತ್ತ ಮನಿಗೆ ಕಳಿಸಿದ್ರು. ಐದು ಹಿಡಿ ಅಕ್ಕಿ, ಒಂದು ಉತ್ತತ್ತಿ, ಒಂದು ಅಡಕಿ... ಅಷ್ಟಕ್ಕ ಒಬ್ಬನ ಅನ್ನ ಹೋತು ನೋಡು.

...ಯಾಕ ಬೆರಳು ಮಡಚಿ ಎಣಸಾಕತ್ತಿ?

ಮಿಸ್ತ್ರಿ ಎಣಿಸಿದ್ನವಾ... ನೆಂದ ಅಕ್ಕಿ, ಎಷ್ಟು ಹಿಡಿ ಅಂತ ಅವಗ ಹೆಂಗ ಗೊತ್ತು ಅಂತಿ? ಅಂದಿಲ್ಲ. ಖರೆ, ನೀ ಏನೂ ಅಂದಿಲ್ಲ. ಮತ್ಯಾಕ ಹಂಗ ನೋಡ್ತಿ? ನಗು! ಈಗ ತಾನ ನಗ್ತಿದ್ದಿ...

ತವರು ಬಿಟ್ಟು ಹೊಂಟಿತ್ತವ್ವ ಆ ಕಾರು! ಹೆಣ್ಣುಮಗಳನ್ನ ಯಾರರ ಬರೇ ಉಡೀಲೆ ಕಳಸ್ತಾರೇನು? ನನಗೂ ನಮ್ಮವ್ವ ಐದು ಹಿಡಿ ಅಕ್ಕಿ ಹಾಕಿ ಉಡಿ ತುಂಬಿದ್ಲು. ಆದ್ರ ಕಾರಿಗೆ ಉಡಿ ಎಲ್ಲೈತಿ? ಸೀಟಿನಮ್ಯಾಲ ಇಟ್ರ ನಿಮ್ಮಜ್ಜ ಕುಂದ್ರತಿದ್ರು. ಚೆಲ್ಲದಂಥ ಜಾಗ ಹುಡುಕಿ ಹುಡುಕಿ... ಒಂದು ಮುಚ್ಚಳ ಸಿಕ್ತು. ತೆರದೆ. ಅದರ ಹೊಟ್ಟಿ ಅಂತ ನನಗೇನು ಗೊತ್ತು?

ಹೇಳಬೇಕಂದೆ. ಎಷ್ಟೋ ಸಲ ಅಂದ್ಕೊಂಡೆ. ನಿಮ್ಮಜ್ಜನ ಮಾರಿ ನೋಡಿ ಅಡಗಿ ಮನಿಗೆ ಹೊಳ್ಳಿ ಬರ್ತಿದ್ದೆ.

ಹೋಗು, ಒಂದು ಹಾಳಿ ತಾ. ಮಸಿ ದೌತಿನೂ ತಾ. ಅವ್ರ ಮುಂದ ನಿಂತು ಹೇಳಾಕ ಈಗೂ ನನ್ನ ಕೈಲಿ ಆಗೂದಿಲ್ಲ, ಬರಿಯಾಕಂತೂ ಬರೂದಿಲ್ಲ. "ಟಾಕಿಗೆ ಅಕ್ಕಿ ಹಾಕಿದಾಕಿ ನಾನು. ಎರ್ರಿಯಪ್ಪಂದು ತಪ್ಪಿಲ್ಲ." ಬರದಿ? ಕೆಳಗ ಬಾಳವ್ವ ಅಂತ ಹಾಕು. ನಿಮ್ಮಜ್ಜಗ ಆ ಹೆಸರು ಎಂದೋ ಮರತೈತಿ. ಯಾರೋ ಇರಬೇಕು ಅಂದ್ಕೋತಾರ...

ಮತ್ತ ಹಂಗ ನೋಡ್ತಿ!

ಹೊರಗ ಕೆಮ್ಮಿದ, ಕೇಳಿಸ್ತೇನು? ಇನ್ನೂ ಹೋಗಿಲ್ಲ.

ಬಾಳವ್ವ ಅನ್ನೂದು ಹೊಡದು ಹಾಕು. ವಿರುಪಮ್ಮ ಅಂತ ಬರಿ.