ಆಲದ ಮರದ ಹತ್ರ ಹೂಂ ಅಂದದ್ದು

ಮೊದಲು ಒಂದು ಒಗಟು. ಓಡೋ ಗಾಡಿಯೊಳಗ ಇಬ್ಬರು. ಒಬ್ಬ ಕತಿ ಹೇಳ್ತಾನ, ಇನ್ನೊಬ್ಬ ನಿದ್ದಿ ಹೊಡೀತಾನ. ಕತಿಗೆ ಹೂಂ ಅನ್ನೋರು ಯಾರು?

ಒಡೀರಿ ನೋಡೋಣ... ಆಗಂಗಿಲ್ಲ. ನಮ್ಮ ಕನ್ನಡ ಮೇಷ್ಟ್ರಿಗೇ ಆಗಲಿಲ್ಲ. ಕೇಳಿದ್ದಕ್ಕ ನನ್ನನ್ನ ಬೆಂಚಿನ ಮ್ಯಾಲ ನಿಲ್ಲಿಸಿದ್ರು, ಅದು ಬ್ಯಾರೆ ಮಾತು. ಮೊಬೈಲಿನ ಬ್ಯಾಟ್ರಿ ಆರಿಸ್ರಿ. ಹತ್ರ ಬರ್ರಿ. ಮತ್ತ ಒಂದು ಮಾತು, ನಡುನಡುವ ಯಾರೂ ಹೂಂ ಅನಬ್ಯಾಡ್ರಿ.

ಇದು ಆದದ್ದು ನಮ್ಮ ದೊಡ್ಡಪ್ಪನ ಮಗ ಸಿದ್ದಲಿಂಗಗ. ಊರು ಇಟ್ಟಿಗಿ, ಕೆಲಸ ಡ್ರೈವರಿಕಿ. ಮುಂಜಾನಿ ಸ್ಕೂಲ್ ವ್ಯಾನು ಓಡಿಸ್ತಾನ. ರಾತ್ರಿ, ಗುಡ್ಡದ ಮ್ಯಾಲ ತಿರುಗ್ತಾವಲ್ಲ ದೊಡ್ಡ ದೊಡ್ಡ ಗಾಳಿ ಫ್ಯಾನು, ಆ ಕಂಪನಿಯ ಪಿಕಪ್ಪು. ಈ ರಾತ್ರಿ ಡ್ಯೂಟಿ ಅವನದಲ್ಲ. ಅದರ ಡ್ರೈವರು ಒಂದಿನ ಯಾರಿಗೂ ಹೇಳದ ಕೆಲಸ ಬಿಟ್ಟು ಹೋದ. ಸೂಪರ್‌ವೈಸರ್ ಪಾಲಾಕ್ಷಪ್ಪ ಬಂದು, "ಸಿದ್ದಲಿಂಗ, ಇವತ್ತೊಂದು ರಾತ್ರಿ ಸಂಭಾಳಿಸಪ್ಪ. ನಾಳೆ ಬ್ಯಾರೆ ಮಂದಿ ಬರ್ತಾರ" ಅಂದ. ಮರುದಿನಾನೂ ಅದನ್ನ ಅಂದ. ದೀಪಾವಳಿ ಬಂತು, ಹೋತು. ಪಾಲಾಕ್ಷಪ್ಪನ ನಾಳೆ ಮಾತ್ರ ಬರಲಿಲ್ಲ.

ಸಿದ್ದಲಿಂಗನ ಕಣ್ಣು ಮೆಣಸಿನಕಾಯಿ ಕೈಲೆ ಒರೆಸಿಕೊಂಡಂಗ ಉರೀತಿದ್ವು. ಹಲ್ಲು ತಿಕ್ಕತಾ ತಿಕ್ಕತಾ ಗ್ವಾಡಿಗೆ ಹಣಿ ಹಚ್ಚಿ ನಿದ್ದಿ ಹೋಗ್ತಿದ್ದ. ಉಣ್ಣಾಕ ಕುಂತರೆ ರೊಟ್ಟಿ ಮುರಿದ ಕೈ ತಾಟಿನ್ಯಾಗ ಹಂಗ ಉಳೀತಿತ್ತು. ಒಂದು ಮುಂಜಾನಿ ವ್ಯಾನಿನ ಮುಂದಿನ ಸೀಟಿನ್ಯಾಗ ಕುಂತಿದ್ದ ಅವನ ಮಗಳು ದುರ್ಗಿ ಅವನ ತೊಡಿ ತಟ್ಟಿ, "ಅಪ್ಪಾ, ಕಣ್ಣು ತೆಗಿ. ಎಮ್ಮಿ ಬಂತು" ಅಂದಳು. ಎಮ್ಮಿ ಉಳೀತು. ವ್ಯಾನಿನ ತುಂಬ ಇದ್ದ ಹುಡುಗರೂ ಉಳಿದವು. ಇನ್ನೊಮ್ಮಿ ಕಣ್ಣು ಮುಚ್ಚಿದರೆ ಏನಾಗ್ತೈತಿ ಅಂಬೋದು ಸಿದ್ದಲಿಂಗಗ ಗೊತ್ತಿತ್ತು.

ರಾತ್ರಿ ಪಿಕಪ್ಪಿನ್ಯಾಗ ಅವನ ಬಾಜೂಕ ಕುಂದ್ರಾವ ಕ್ವಾಬೆನಾ. ಆಫ್ರಿಕಾದ ಘಾನಾ ದೇಶದಾವ. ಹೊಸಪೇಟಿ ಕಡೆ ಓದಿ, ಈಗ ಫ್ಯಾನು ರಿಪೇರಿಗೆ ಕಂಪನಿ ಸೇರಿದ್ದ. ಎತ್ತರದ ಆಳು, ಮಾತು ಮೆತ್ತಗ. ಕ್ವಾಬೆನಾ ಅಂದ್ರ ಮಂಗಳವಾರ ಹುಟ್ಟಿದಾವ ಅಂತ ಅರ್ಥ ಅಂತ ತಾನ ಹೇಳಿದ. ಅವತ್ತಿಂದ ಕಂಪನಿ ಯಾರ್ಡಿನ ಮಂದಿಗೆಲ್ಲ ಅವ ಮಂಗಳಣ್ಣ ಆದ. ಇಬ್ಬರೂ ಮಾತಾಡತಿದ್ದದ್ದು ಹಿಂದ್ಯಾಗ. ಇವನದು ಅರ್ಧ ಹಿಂದಿ, ಅವನದು ಅರ್ಧ ಹಿಂದಿ. ಕೂಡಿದರೆ ಒಂದು ಆಗ್ತಿತ್ತು.

ಸಿದ್ದಲಿಂಗ ತೂಕಡಿಸೋದು ನೋಡಿ ಕ್ವಾಬೆನಾಗ ಜೀವಕ್ಕ ಹೆದರಿಕಿ ಆತು. ಅದಕ್ಕ ಒಂದು ದಾರಿ ಹುಡುಕಿದ. ತನ್ನ ಅಜ್ಜಿ ಹೇಳಿದ ಕತಿಗಳನ್ನ ಹೇಳಾದು. ನಮ್ಮ ಮನ್ಯಾಗ ಕತಿ ಕೇಳುವಾಗ ಅಂತೀವಲ್ಲ, ಹಂಗ ಸಿದ್ದಲಿಂಗ ಮಾತು ಮಾತಿಗೂ ಹೂಂ ಅನ್ನಾದು. ಹೂಂ ಬಂದರೆ ಡ್ರೈವರು ಎಚ್ಚರ ಅದಾನ ಅಂತ. ಬರದಿದ್ರ ಕ್ವಾಬೆನಾ ಅವನ ತೊಡಿ ಗಿಲ್ಲಾದು. ಕ್ವಾಬೆನಾಗ ಬರ್ತಿದ್ದ ಕನ್ನಡ ಇಷ್ಟ, ಹೂಂ.

ಅವನ ಅಜ್ಜಿ ಕತಿಗೆ ಅವರದ ರಿವಾಜಿತ್ತು. ಶುರು ಮಾಡುವಾಗ, "ಇದು ಖರೇ ಅಂತ ಹೇಳ್ತಿಲ್ಲಪ್ಪ, ಖರೇ ಅಂತ ಹೇಳ್ತಿಲ್ಲ" ಅನ್ನಬೇಕು. ಸಿದ್ದಲಿಂಗ ನಕ್ಕಿದ್ದ. "ನಮ್ಮಲ್ಲಿ ಉಲ್ಟಾ ಮಂಗಳಣ್ಣ. ಮೊದಲ ಆಣಿ ಹಾಕಿ, ಆಮ್ಯಾಲ ಸುಳ್ಳು ಹೇಳ್ತೀವಿ." ಕತಿ ಮುಗಿದ ಮ್ಯಾಲ ಇನ್ನೊಂದು ಮಾತು. "ಸಿಹಿ ಇರಲಿ, ಸಪ್ಪಗಿರಲಿ, ಒಂದಿಷ್ಟು ನೀ ಒಯ್ಯಿ, ಒಂದಿಷ್ಟು ನನ್ನ ಕಡೆ ವಾಪಸ್ ಬರಲಿ." ಅಂದ್ರ ಕೇಳಿದಾವ ತಿರುಗಿ ಒಂದು ಕತಿ ಹೇಳಬೇಕು. ಸಿದ್ದಲಿಂಗ ಪ್ರತಿ ರಾತ್ರಿ, "ಭಾಳ ದಣಿದೀನಿ ಅಣ್ಣ, ನಾಳೆ ಹೇಳ್ತೀನಿ" ಅಂತಿದ್ದ.

"ನೀನೂ ಪಾಲಾಕ್ಷಪ್ಪನ ತಮ್ಮ ಬಿಡು" ಅಂತ ಕ್ವಾಬೆನಾ ಬೈತಿದ್ದ.

ಆ ರಾತ್ರಿ ಚಳಿ. ಕಿಟಕಿ ಗಾಜು ಏರಿಸಿದ್ರು. ಹಿಂದ ಪಾನಾ, ಸ್ಪ್ಯಾನರು ಡಬ್ಬಿಯೊಳಗ ಖಣ್... ಖಣ್... ಅಂತಿದ್ವು. ಕ್ವಾಬೆನಾ ಕತಿ ಹಚ್ಚಿದ.

"ಹಿಂದಕ ನಿದ್ದಿ ಮನಿಮನಿಗೆ ಬರ್ತಿರಲಿಲ್ಲ. ಹೊಳಿ ದಂಡಿಮ್ಯಾಲ ಒಬ್ಬ ಮುದುಕಿ. ಆಕಿ ಗಡಿಗ್ಯಾಗ ಇರ್ತಿತ್ತು."

"ಹೂಂ."

"ಸಂಜಿ ಆತಂದ್ರ ಸಿಂಹ, ಜಿಂಕಿ, ಮನಷ್ಯಾ, ಎಲ್ಲಾರೂ ಬಂದು ಬೊಗಸಿ ಒಡ್ಡಿ ಇಸ್ಕೊಂಡು ಹೋಗ್ತಿದ್ರು."

"ಹೂಂ."

"ಆಮಿ ಬಂದು ಮುಟ್ಟಾದ್ರಾಗ ಗಡಿಗಿ ಖಾಲಿ."

"ಹೂಂ... ನನ್ನಂಗ."

"ಒಂದಿನ ಆಮಿ ಏನು ಮಾಡ್ತು, ಆ ಗಡಿಗೀನ ಕದ್ದು ಬೆನ್ನಿನ ಮ್ಯಾಲ ಹೇರ್ಕೊಂಡು..."

"ಹೂಂ."

ಈ ಹೂಂ ಸಿದ್ದಲಿಂಗಂದು. ಅದು ಅವಗ ನೆನಪೈತಿ. ಎಡಕ್ಕ ಆಲದ ಮರ ಬಂದದ್ದು ನೆನಪೈತಿ. ಮರ ದಾಟಿದ ಮ್ಯಾಲ ಒಂದು ತಿರುವು, ತಿರುವಿನ್ಯಾಗ ಗ್ವಾಡಿ ಬಿದ್ದ ಹಾಳು ಬಾವಿ. ಆಲದ ಬಿಳಲು ಗಾಜಿಗೆ ಸರ್ರಂತ ಸವರಿದ್ದು ನೆನಪೈತಿ... ಅಲ್ಲಿಂದ ಮುಂದ ಏನೂ ಇಲ್ಲ.

ಹುಶ್... ಹುಶ್... ಹುಶ್...

ಕಣ್ಣು ತೆಗೆದರೆ ತಲಿ ಮ್ಯಾಲ ಫ್ಯಾನು ತಿರುಗ್ತೈತಿ. ಗಾಡಿ ಗುಡ್ಡದ ಮ್ಯಾಲ ನಿಂತೈತಿ. ಕ್ವಾಬೆನಾ ಕತಿ ಮುಗಿಸ್ತಿದ್ದ. "...ಒಂದಿಷ್ಟು ನೀ ಒಯ್ಯಿ, ಒಂದಿಷ್ಟು ನನ್ನ ಕಡೆ ವಾಪಸ್ ಬರಲಿ."

"ಹೂಂ."

ಸಿದ್ದಲಿಂಗನ ತುಟಿ ಜೊಲ್ಲಿಗೆ ಅಂಟಿಕೊಂಡಿದ್ವು. ಬಾಯಿ ತೆಗೆದೇ ಇರಲಿಲ್ಲ ಅವ. ಆ ಹೂಂ ಬಂದದ್ದು ಬೆನ್ನ ಹಿಂದ, ಸೀಟಿನ ಮ್ಯಾಲ ಸಣ್ಣ ಗಾಜು ಇರ್ತೈತಲ್ಲ, ಅಲ್ಲಿಂದ. ಖಾಲಿ ಬಾಟ್ಲಿ ಬಾಯಿಗೆ ಗಾಳಿ ಬಡಿದಂಗ... ಅಂಥ ಹೂಂ.

"ಮಂಗಳಣ್ಣ," ಅಂದ ಮೆಲ್ಲಕ. "ಆಮಿ ಗಡಿಗಿ ಕದ್ದು ಏನು ಮಾಡ್ತು?"

"ಈಗಷ್ಟ ಹೇಳಿದೆನಲ್ಲ! ಇವತ್ತು ಭಾರಿ ಹೂಂ ಅಂದಿ. ಒಮ್ಮೀನೂ ಗಿಲ್ಲಲಿಲ್ಲ ನಾನು."

"ನಾ ಅಂದಿಲ್ಲ. ನಾ ನಿದ್ದಿ ಮಾಡಿದ್ದೆ."

"ಹಂಗಾರ ಇಷ್ಟೊತ್ತು ಗಾಡಿ ಓಡಿಸಿದಾವ ಯಾರು?"

ಸಿದ್ದಲಿಂಗ ತನ್ನ ಕೈ ನೋಡಿಕೊಂಡ. ಕೈ ಎರಡೂ ತೊಡಿ ಮ್ಯಾಲ ಇದ್ವು.

ಕ್ವಾಬೆನಾ ನಕ್ಕು ಬೆನ್ನಿಗೆ ಹೊಡೆದ. "ಕತಿ ಕೊಡಾದು ತಪ್ಪಿಸಿಕೊಳ್ಳಾಕ ಏನೇನು ಹೇಳ್ತೀಯಪ್ಪ!" ಬ್ಯಾಗು ತಗೊಂಡು ಇಳಿದು ಹೋದ.

ಮುಂಜಾನಿ ಸಿದ್ದಲಿಂಗ ಅವ್ವನ ಮುಂದ ಹೇಳಿದ. ಸುಂಕಮ್ಮ, ನನಗ ದೊಡ್ಡವ್ವ, ಶೇಂಗಾ ಸುಲಿಯಾಕಿ ಕೈ ನಿಲ್ಲಿಸಿದಳು.

"ಯಾವ ಜಾಗದಾಗ?"

"ಆಲದ ಮರದ ಹಂತೇಲಿ."

"ಆ ಮರದಾಗಿರೋದು ಕತಿ ಕೇಳೇತಿ. ಒಪ್ಪಿಕೊಂಡು ಹೂಂ ಅಂದೇತಿ. ಇನ್ನ ತಿರುಗಿ ಹೇಳಾಕ ಬರ್ತೈತಿ." ದೊಡ್ಡವ್ವ ದನಿ ಇಳಿಸಿದಳು. "ಅದು ಕತಿ ಹಚ್ಚಿದರೆ ಬಾಯಿ ಬಿಡಬ್ಯಾಡ ಮಗನ. ನೀವು ಹೂಂ ಅಂದಷ್ಟ ಅದರ ಕತಿ ಮುಂದ ಹೋಕ್ಕತಿ. ಅದು ಹೇಳಿದ್ದು ಹಂಗ ಆಕ್ಕತಿ. ಯಾರೂ ಹೂಂ ಅನ್ನದಿದ್ರ ಅಲ್ಲೇ ನಿಂದರ್ತೈತಿ."

"ಹೂಂ" ಅಂದ ಸಿದ್ದಲಿಂಗ.

"ಮುಚ್ಚೋ ಬಾಯಿ! ಇವತ್ತು ಹೋಗಬ್ಯಾಡ ಡ್ಯೂಟಿಗೆ."

"ನಾಳೆ ಬ್ಯಾರೆ ಮಂದಿ ಬರ್ತಾರಂತವ್ವ."

"ಪಾಲಾಕ್ಷಪ್ಪನ ನಾಳೆಗೆ ಬೆಂಕಿ ಬೀಳಲಿ."

ಹೋದ. ಯಾಕ ಹೋದಿ ಅಂತ ಆಮ್ಯಾಲ ಕೇಳಿದರೆ, "ಒಲ್ಲೆ ಅನ್ನಾಕೂ ಒಂದೀಟು ತ್ರಾಣ ಬೇಕಲ್ಲಲೇ" ಅಂದ. ಅಷ್ಟು ದಣಿದಿದ್ದ. ಗಾಡಿ ಹತ್ತಿದ ಮ್ಯಾಲ ಕ್ವಾಬೆನಾಗ ದೊಡ್ಡವ್ವನ ಮಾತು ಹೇಳಬೇಕಂತ ಬಾಯಿ ತೆಗೆದ. ಆಕಳಿಕಿ ಬಂತು. ಆಕಳಿಕಿ ಮುಗಿಯಾದ್ರಾಗ ಏನು ಹೇಳಬೇಕಂತಿದ್ದೆ ಅಂಬೋದ ಮರೆತ.

ಆಲದ ಮರ ಬಂತು. ಬಿಳಲು ಸರ್ರಂತು.

ಬೆನ್ನ ಹಿಂದ, ಆ ಸಣ್ಣ ಗಾಜು ಟಕ್ ಅಂತ ಸರೀತು.

"ಒಂದೂರಾಗ... ಒಬ್ಬ ಡ್ರೈವರ್ ಇದ್ದ..."

ಗಂಡು ದನಿ ಅಲ್ಲ, ಹೆಣ್ಣು ದನಿ ಅಲ್ಲ. ಹೇಳಿ ನಿಂತಿತು. ಕಾಯ್ತಾ ಇತ್ತು. ಸಿದ್ದಲಿಂಗಗ ಎಲ್ಲಾ ಒಮ್ಮೆಲೆ ನೆನಪಾತು. ಹಲ್ಲು ಕಚ್ಚಿ ಹಿಡಿದ. ಉಸಿರೂ ಬಿಡಲಿಲ್ಲ. ಇಂಜಿನ್ನಿನ ಗುರ್ರ್ ಒಂದು ಬಿಟ್ಟರೆ ಎಲ್ಲಾ ಸುಮ್ಮನ... ಕತಿ ಅಲ್ಲೇ ನಿಂತಿತ್ತು.

ಬಾಜೂಕ ಕುಂತ ಕ್ವಾಬೆನಾ ಖುಷಿಯಿಂದ ಎದ್ದು ಕುಂತ. ಅವಗ ಕನ್ನಡ ಎಲ್ಲಿ ಬರಬೇಕು? ಕತ್ತಲ್ಯಾಗ ಸಿದ್ದಲಿಂಗನ ಬಾಯಿ ಎಲ್ಲಿ ಕಾಣಬೇಕು? ಕತಿಯ ಧಾಟಿ ಮಾತ್ರ ತಿಳೀತು ಅವಗ. ಅಂತೂ ಈ ಮಾರಾಯ ಇವತ್ತು ತಿರುಗಿ ಕತಿ ಹೇಳಾಕತ್ತಾನ ಅನಕೊಂಡ. ಬಾಯಿ ತುಂಬ ಮರ್ಯಾದಿಯಿಂದ ಅಂದ:

"ಹೂಂ!"

"ಅವಗ ನಿದ್ದಿ ಇರಲಿಲ್ಲ... ಕಣ್ಣು ಭಾರ ಆದ್ವು..."

"ಹೂಂ!"

ಸಿದ್ದಲಿಂಗನ ರೆಪ್ಪಿ ಮ್ಯಾಲ ಯಾರೋ ಬೆರಳಿಟ್ಟು ಒತ್ತಿದಂಗಾತು. "ಅನಬ್ಯಾಡೋ..." ಅಂದ ಕನ್ನಡದಾಗ. ಹಿಂದಿ ಮರೆತಿತ್ತು, ನಾಲಿಗಿ ದಪ್ಪಾಗಿತ್ತು. ಕ್ವಾಬೆನಾ ಅದೂ ಕತಿ ಅನಕೊಂಡ.

"ಹೂಂ!"

"ಕೈ ಸಡಿಲಾತು..."

"ಹೂಂ!"

ಸ್ಟೇರಿಂಗು ಬೆರಳಿನಿಂದ ಜಾರ್ತು. ಗಾಡಿ ಡಾಂಬರು ಬಿಟ್ಟು ಕಚ್ಚಾ ಹಾದಿಗೆ ಇಳೀತು. ಚಕ್ರದ ಕೆಳಗ ಕಲ್ಲು ಚರಚರ ಚರಚರ ಅಂದ್ವು. ಹಿಂದಿನ ದನಿ ಈಗ ಕಿವಿ ಹತ್ರ ಬಂದಿತ್ತು. ತಣ್ಣಗ... ಹಸಿ ಮಣ್ಣಿನ ವಾಸನಿ.

"ಮುಂದ ತಿರುವು. ತಿರುವಿನ್ಯಾಗ ಬಾವಿ. ಡ್ರೈವರ್ ಸೀದಾ..."

ಕ್ವಾಬೆನಾ ಹೂಂ ಅನ್ನಾಕ ಉಸಿರು ತಗೊಂಡ. ಸಿದ್ದಲಿಂಗಗ ಕೇಳಿಸ್ತು ಆ ಉಸಿರು. ಹೂಂ ಅನ್ನಾವನ್ನ ನಿಲ್ಲಿಸಾಕ ಆಗಲ್ಲ, ಕತಿ ನಿಲ್ಲಿಸಾಕ ಆಗಲ್ಲ. ಕತಿ ಕಸ್ಕೊಳ್ಳಾಕಾದ್ರೂ ಆಗ್ತೈತೇನು?

"ಡ್ರೈವರ್ ಸೀದಾ ಹೋಗಲಿಲ್ಲ!" ಅಂತ ಒದರಿದ. "ಗಾಡಿ ನಿಲ್ಲಿಸಿದ!"

"ಹೂಂ!" ಅಂದ ಕ್ವಾಬೆನಾ.

ಬ್ರೇಕು ಕೀಂ... ಅಂತು. ಡಬ್ಬಿ ಖಣಾರ್ ಅಂತ ಮುಂದಕ ಬಂದು ಬಡೀತು. ಗಾಡಿ ನಿಂತಿತು.

"ಚಾವಿ ತೆಗೆದ."

"ಹೂಂ."

"ಪಾಲಾಕ್ಷಪ್ಪಗ ಫೋನ್ ಹಚ್ಚಿದ. ರಾತ್ರಿ ಡ್ಯೂಟಿ ಇನ್ನ ಮ್ಯಾಲ ನನ್ನ ಕೈಲೆ ಆಗಂಗಿಲ್ಲರಿ, ನಾಳೇನೂ ಇಲ್ಲ, ನಾಡಿದ್ದೂ ಇಲ್ಲ ಅಂದ."

"ಹೂಂ."

"ಸೀಟು ಹಿಂದಕ ಬಾಗಿಸಿದ. ಕಾಲು ಚಾಚಿದ. ಮಲಗಿದ... ಬೆಳತನಕ ಮಲಗಿದ. ಅಷ್ಟ. ಕತಿ ಮುಗೀತು."

ಕ್ವಾಬೆನಾ ಈ ಸಲ ಏನೂ ಅನಲಿಲ್ಲ. ಮುಗಿದದ್ದು ಅವಗ ದನಿಯಿಂದಾನ ತಿಳಿದಿತ್ತು. ದೂರ ಗುಡ್ಡದ ಮ್ಯಾಲ ಹುಶ್... ಹುಶ್... ಬಾವ್ಯಾಗ ಕಪ್ಪಿ ಒಂದು ಟ್ರೊಂಕ್ ಅಂತು, ಸುಮ್ಮನಾತು.

ಸ್ವಲ್ಪ ಹೊತ್ತಾದ ಮ್ಯಾಲ ಬೆನ್ನ ಹಿಂದ, ಭಾಳ ದಣಿದಂಗ...

"ಹೂಂ."

ಸಿದ್ದಲಿಂಗ ಅದನ್ನ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಗೊರಕಿ ಹೊಡೆಯಾಕತ್ತಿದ್ದ.

ಮುಂಜಾನಿ ವ್ಯಾನು ಬರಲಿಲ್ಲ. ದುರ್ಗಿ ಚೀಲ ಹಾಕ್ಕೊಂಡು ಬಾಗ್ಲಾಗ ನಿಂತು ಅಳಾಕತ್ತಿದ್ದಳು. ದೊಡ್ಡವ್ವ ನನ್ನ ಬೈಕ್ ಹತ್ತಿದಳು. ಆಲದ ಮರ ದಾಟಿದ ಮ್ಯಾಲ ಪಿಕಪ್ಪು ಕಾಣಿಸ್ತು. ಬಾವಿ ಇನ್ನೂ ಆಚಿಗಿತ್ತು. ಒಳಗ ಇಬ್ಬರೂ ಬಾಯಿ ತೆಕ್ಕೊಂಡು ನಿದ್ದಿ. ದೊಡ್ಡವ್ವ ಮಗನ ಮೂಗಿನ ಮುಂದ ಕೈ ಹಿಡಿದು ನೋಡಿದಳು. ಆಮ್ಯಾಲ ರಸ್ತಿ ಮ್ಯಾಲ ಕುಂತುಬಿಟ್ಟಳು. "ಎಬ್ಬಿಸಬ್ಯಾಡೋ" ಅಂದಳು ನನಗ. "ಮಲಗಲಿ."

ಈಗ ಸಿದ್ದಲಿಂಗ ರಾತ್ರಿ ಡ್ಯೂಟಿಗೆ ಹೋಗಂಗಿಲ್ಲ. ದುರ್ಗಿಗೆ ವ್ಯಾನಿನ್ಯಾಗ ಅಪ್ಪನ ತೊಡಿ ತಟ್ಟೋ ಕೆಲಸ ಇಲ್ಲ. ಕ್ವಾಬೆನಾ ಇನ್ನೂ ಇಲ್ಲೇ ಅದಾನ, ಬೇಕಾದ್ರ ಹೋಗಿ ಕೇಳ್ರಿ. ಸಿದ್ದಲಿಂಗನ ಕತಿ ಭಾರಿ ಇತ್ತು ಅಂತಾನ.

ಇಷ್ಟು ಹೇಳಿದ ಮ್ಯಾಲ ಒಂದು ಒಪ್ಪಿಕೊಳ್ಳಬೇಕು. "ತಿರುವಿನ್ಯಾಗ ಬಾವಿ" ಅಂಬೋತನಕ ಸಿದ್ದಲಿಂಗ ತಾನ ಹೇಳಿದ್ದು. ಅಲ್ಲಿಂದ ಮುಂದ ಏನಾತು ಅಂತ ಎಷ್ಟು ಕೇಳಿದರೂ ಆಕಳಿಸ್ತಾನ, "ನೆನಪಿಲ್ಲಲೇ" ಅಂತಾನ. ಅದಕ್ಕ ಬ್ರೇಕು, ಚಾವಿ, ಫೋನು, ಕಡೀ ಹೂಂ, ಅಷ್ಟೂ ನಾನು ಕಟ್ಟಿದ್ದು.

ಆದರ ಮುಂಜಾನಿ ನೋಡಿದ್ದು ನಾನು ಕಟ್ಟಿದ್ದಲ್ಲ. ಆ ಕಚ್ಚಾ ಹಾದಿ ಮ್ಯಾಲ ಬ್ರೇಕಿನ ಗುರುತಿರಲಿಲ್ಲ. ಹಿಂದ ಸಾಮಾನಿನ ಮ್ಯಾಲ ಹಗ್ಗ ಹಾಕಿ ಬಿಗಿದಿರ್ತಾರಲ್ಲ ತಾಡಪಾಲು, ಅದು ಇಬ್ಬರ ಮೈ ಮ್ಯಾಲ ಇತ್ತು. ಚಳಿಗೆ ಹುಡುಗರಿಗೆ ಹೊದಿಸ್ತೀವಲ್ಲ, ಹಂಗ ಕಾಲಿನ ಕೆಳಗ ಅಂಚು ಸಿಗಿಸಿತ್ತು. ಕೇಳಿದರೆ ಸಿದ್ದಲಿಂಗ "ಮಂಗಳಣ್ಣ ಹೊದಿಸಿದಾನ" ಅಂತಾನ, ಮಂಗಳಣ್ಣ "ಸಿದ್ದಲಿಂಗ" ಅಂತಾನ. ಹಿಂದ ಕಟ್ಟಿದ್ದ ಹಗ್ಗದ ಗಂಟು ಬಿಚ್ಚಿರಲಿಲ್ಲ.