ಚಪ್ಪರದ ಗಾಳಿಪಟ್ಟಿ

ಎಮ್ಲಿನ್‌ನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಅವನ ಹೆಂಡತಿ ಕ್ಯಾರಿಸ್ ಚಕ್ರದ ಮನೆಗಳಾದ ಕ್ಯಾರವಾನ್‌ಗಳು ನಿಲ್ಲುವ ಮೈದಾನದ ನಲ್ಲಿಯ ಮುಂದೆ ಸಾಲಿನಲ್ಲಿ ನಿಂತಿದ್ದಳು. ಮುಂದಿದ್ದ ಗ್ವೆಂಡಾ ಮತ್ತು ಅವಳ ಗಂಡ ಇದ್ರಿಸ್ ಹಿಂತಿರುಗಿ ನೋಡಿರಲಿಲ್ಲ.

"ನಮ್ಮ ಬಟ್ಟೆ ಚಪ್ಪರ ಹಾರದ ಹಾಗೆ ಬಿಗಿಯೋ ಗಾಳಿಪಟ್ಟಿ ಪಕ್ಕದ ಕ್ಯಾರವಾನಿನ ಆ ಹೊಸಬ್ರೇ ಕದ್ದಿರೋದು," ಎಂದಳು ಗ್ವೆಂಡಾ.

"ನೀನು ನೋಡಿದ್ಯಾ?"

"ನೋಡ್ಬೇಕಾ? ಮೊನ್ನೆ ಗಾಳಿಗೆ ನಮ್ಮ ಚಪ್ಪರ ಕುಣೀತು, ಅವರದ್ದು ಅಲ್ಲಾಡ್ಲೇ ಇಲ್ಲ."

"ಗೂಟ ಆಳಕ್ಕೆ ಹೊಡೆದಿರ್ತಾರೆ ಬಿಡು."

"ಅವರ ಪರ ಯಾಕೆ ಮಾತಾಡ್ತೀಯ? ನೀನೇ ಯಾರಿಗಾದ್ರೂ ಕೊಟ್ಯಾ ಮಾರಾಯ? ನನ್ನ ಹಲ್ಲುಜ್ಜೋ ಬ್ರಷ್ ಬೇಕಾದ್ರೆ ಕೊಡು, ಗಾಳಿಪಟ್ಟಿ ಕೊಡ್ಬೇಡ ಅಂದಿದ್ದೆ."

"ಒಂದು ವಾರ ತಡಿ, ಸಿಗುತ್ತೆ."

"ಸಂಜೆಗೆ ಬಿರುಗಾಳಿಯಂತೆ, ವಾರ ಕಾಯುತ್ತಾ? ಈಗ್ಲೇ ಆಫೀಸಿಗೆ ಹೋಗಿ ಅವರ ಮೇಲೆ ದೂರು ಕೊಡ್ತೀನಿ."

"ಇವತ್ತು ಬೇಡ ಗ್ವೆಂಡಾ. ನಿನ್ನೆ ತಾನೇ ಆ ಹುಡುಗನ್ನ ಮಣ್ಣು ಮಾಡಿ ಬಂದಿದ್ದೀವಿ."

"ಅದಕ್ಕೂ ಇದಕ್ಕೂ ಏನು ಸಂಬಂಧ?"

ಇದ್ರಿಸ್ ಬಗ್ಗಿ ನಲ್ಲಿ ತಿರುಗಿಸಿದ. ಎಮ್ಲಿನ್ ಕೊನೆಯ ವಾರ ಎಲ್ಲಿಂದಲೋ ಒಂದು ಹಳದಿ ಗಾಳಿಪಟ್ಟಿ ತಂದು ತಮ್ಮ ಚಪ್ಪರಕ್ಕೆ ಬಿಗಿದಿದ್ದ. ಯಾರದೆಂದು ಕ್ಯಾರಿಸ್ ಕೇಳಿರಲಿಲ್ಲ. ಅವಳು ತನ್ನ ಕ್ಯಾರವಾನಿಗೆ ಹೋಗಿ ಅದನ್ನು ಬಿಚ್ಚಿ, ಮರಳು ಒರೆಸಿ, ಸುತ್ತಿ ತಂದಳು.

"ಇದು ನಿಮ್ಮದು. ಎಮ್ಲಿನ್ ಎರವಲು ತಂದಿದ್ದ."

ಗ್ವೆಂಡಾ ಪಟ್ಟಿ ತೆಗೆದುಕೊಂಡು ನೆಲ ನೋಡಿದಳು.

"ಗಾಳಿ ಬಂದ್ರೆ ನಿನ್ನ ಚಪ್ಪರ?"

"ಈಗಲೇ ಇಳಿಸ್ತೀನಿ."

ದಂಪತಿ ನೀರು ಹೊತ್ತು ಹೊರಟರು. ಸ್ವಲ್ಪ ದೂರ ಹೋದಮೇಲೆ ಗ್ವೆಂಡಾಳ ದನಿ ಕೇಳಿಸಿತು: "ನನಗ್ಯಾಕೆ ಮೊದ್ಲೇ ಹೇಳ್ಲಿಲ್ಲ? ಇನ್ನೂ ಏನೇನು ಕೊಟ್ಟಿದ್ದೀಯ?"