ಹಳ್ಳದ ಸೇತುವೆಗೆ ಮೇಲಿನ ಒಪ್ಪಿಗೆ

ಜಿಲ್ಲಾ ಕಚೇರಿಯ ಬೆಂಚಿನ ಮೇಲೆ ಅಂಗಡಿಯ ಪರವಾನಗಿಗಾಗಿ ಕಾಯುತ್ತಿದ್ದ ದರ್ಜಿ ಹೆಂಗಸಿಗೆ ಹೊತ್ತೇ ಹೋಗುತ್ತಿರಲಿಲ್ಲ. ಅಷ್ಟರಲ್ಲಿ ಸಾಹೇಬರ ಕೋಣೆಯಿಂದ ಚಿಕ್ಕ ವಯಸ್ಸಿನ ಪಂಚಾಯಿತಿ ಅಧ್ಯಕ್ಷೆಯೊಬ್ಬಳು ಹೊರಬಂದು, ಅಲ್ಲೇ ಚಡಪಡಿಸುತ್ತಿದ್ದ ತನ್ನ ಸೋದರಮಾವನಾದ ಬಡಗಿಯ ಪಕ್ಕ ಕುಳಿತಳು. ದರ್ಜಿ ಹೆಂಗಸಿನ ಕಿವಿ ಚುರುಕಾಯಿತು.

“ಮೊದಲು ನೀರು ಕುಡಿ. ಏನಂದ್ರು?”

“ಮೇಲಿನ ಒಪ್ಪಿಗೆ ಇಲ್ದೆ ಹಳ್ಳಕ್ಕೆ ಸೇತುವೆ ಹಾಕಿದ್ದು ತಪ್ಪಂತೆ, ಮಾವ. ಕಿತ್ತುಹಾಕಿ ಅಂದ್ರು.”

“ಬಡ್ಕೊಂಡೆ ನಾನು, ಕೈ ಮುಗಿದು ತಪ್ಪಾಯ್ತು ಅಂದ್ಬಿಡು ಅಂತ.”

“ಕೈ ಮುಗಿದೆ. ತಪ್ಪಾಯ್ತು ಅನ್ನೋಕೆ ಬಾಯೇ ಬರ್ಲಿಲ್ಲ. ಮಕ್ಕಳು ಸೊಂಟದ ಮಟ್ಟ ನೀರಲ್ಲಿ ಶಾಲೆಗೆ ಹೋಗ್ತಿದ್ರಲ್ಲ, ಅದಕ್ಕೆ ಯಾರ ಒಪ್ಪಿಗೆ ಇತ್ತು ಸಾರ್ ಅಂದೆ.”

“ಅಯ್ಯೋ! ಥೇಟ್ ನಿಮ್ಮಮ್ಮನ ಬಾಯಿ.”

“ಬೈತಿದೀರೋ, ಹೊಗಳ್ತಿದೀರೋ?”

“ಎರಡೂ. ಆಮೇಲೆ?”

“ಊರಿನ ಕೆಲಸ ಊರೋರೇ ಮಾಡ್ಕೋಬಾರ್ದಾ ಅಂತ ಕೇಳ್ದೆ. ಮಾಡ್ಕೊಳ್ಳಿ, ಆದ್ರೆ ಗಟ್ಟಿ ಇದೆಯಾ ಅಂತ ನಾವು ನೋಡ್ಬೇಕಲ್ಲಮ್ಮ ಅಂದ್ರು. ಬಂದು ನೋಡಿ ಅಂದೆ.”

“ಬರ್ತಾರಂತಾ?”

“ನಿಮ್ಮೂರಿಗೆ ದಾರಿ ಯಾವ್ದು ಅಂತ ಕೇಳಿದ್ರು. ಆ ಸೇತುವೆ ಮೇಲೇನೇ ಸಾರ್ ಅಂದೆ. ನಕ್ಕುಬಿಟ್ರು. ನಾಳೆ ಬರ್ತಾರೆ. ಅಲ್ಲೀವರೆಗೂ ಕೀಳೋದು ಬೇಡವಂತೆ.”

ಮಾವ ನಗುತ್ತಾ ಸೋದರಸೊಸೆಯ ತಲೆ ನೇವರಿಸಿದ. ಮರುಕ್ಷಣವೇ ದಡಬಡಿಸಿ ಎದ್ದ.

“ಏಳು ಏಳು, ಬಸ್ಸು ಹೋದೀತು.”

“ಏನವಸರ ಮಾವ?”

“ನಡುವಿನ ಹಲಗೆ ಒಂಚೂರು ಅಲುಗಾಡುತ್ತೆ ಕಣೇ!”

ಅವರಿಬ್ಬರೂ ಮೆಟ್ಟಿಲಿಳಿದು ಓಡಿದ ಮೇಲೆಯೇ ದರ್ಜಿ ಹೆಂಗಸಿಗೆ, ಯಾರೋ ಆಗಿನಿಂದ ತನ್ನ ಹೆಸರನ್ನೇ ಕೂಗುತ್ತಿರುವುದು ಕೇಳಿಸಿತು.